ಆ ದಿನ ಪಂಪಿನಲ್ಲಿ ಗ್ಯಾಸ್ ಇತ್ತು

ಭೀಮಣ್ಣ, ಆ ದಿನ ಪಂಪಿನಲ್ಲಿ ಗ್ಯಾಸ್ ಇತ್ತು.

ಇಲ್ಲ ಎಂದು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬರೆದವಳು ನಾನು. ತಿಳಿಯದೆ ಬರೆದದ್ದಲ್ಲ, ಯಾರೋ ಹೇಳಿದ್ದನ್ನು ನಂಬಿ ಬರೆದದ್ದೂ ಅಲ್ಲ — ಇದೆ ಎಂದು ಕಿವಿಯಾರೆ ಕೇಳಿ, ಆಮೇಲೆ ಇಲ್ಲ ಎಂದು ಬರೆದೆ. ನಿಮ್ಮ ಗಾಡಿ ಘೋಡ್‌ಬಂದರ್ ರಸ್ತೆಯ ಘಾಟಿಯಲ್ಲಿ ನಿಂತುಹೋದದ್ದು, ನಿಮ್ಮ ಅಕ್ಕ ಶಾಂತವ್ವನವರ ಆಪರೇಷನ್ ಆ ದಿನ ತಪ್ಪಿದ್ದು, ಅಕ್ಕ-ತಮ್ಮ ಮೂರು ವರ್ಷದಿಂದ ಮಾತು ಬಿಟ್ಟದ್ದು — ಯಾವುದಕ್ಕೂ ನಿಮ್ಮ ಅಜಾಗರೂಕತೆ ಕಾರಣವಲ್ಲ. ನಾನು ಬರೆದ ಒಂದು ಸಾಲು ಕಾರಣ.

ಈ ಕಾಗದವನ್ನು ನೀವೊಬ್ಬರೇ ಓದಿದರೆ ಸಾಲದು. ನಿಮ್ಮ ಅಕ್ಕನ ಮಗ ಮಲ್ಲಪ್ಪನೂ ಓದಬೇಕು. ನಿಮ್ಮ ಮಗಳು ರೇಣುಕಾ ಗಂಡನ ಮನೆಯಿಂದ ಬಂದಾಗ ಅವಳೂ ಓದಬೇಕು. ಅದಕ್ಕೇ ನಿಮಗೆ ಚೆನ್ನಾಗಿ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ನಾನು ದಹಿಸರ್‌ನಲ್ಲಿ ಮಾತು ಶುರುಮಾಡಿದರೆ ಮಾಟುಂಗ ಬರುವ ತನಕ ನಿಲ್ಲಿಸುವುದಿಲ್ಲ ಎಂದು ನೀವೇ ಎಷ್ಟೋ ಸಲ ನಕ್ಕಿದ್ದೀರಿ.

ನನ್ನ ಕಸುಬು ಇಡ್ಲಿ-ದೋಸೆ ಹಿಟ್ಟು. ದಹಿಸರ್‌ನ ನಮ್ಮ ಚಾಳಿನ ಹಿಂದಿನ ಶೆಡ್ಡಿನಲ್ಲಿ ಎರಡು ಗ್ರೈಂಡರ್. ರುಬ್ಬಿದ್ದನ್ನು ಮುಚ್ಚಳದ ಬಕೆಟ್ಟುಗಳಲ್ಲಿ ತುಂಬಿ, ಬೆಳಿಗ್ಗೆ ಏಳೂವರೆಯ ಒಳಗೆ ಮಾಟುಂಗದ ಹೋಟೆಲು, ಅಂಗಡಿಗಳಿಗೆ ಮುಟ್ಟಿಸಬೇಕು. ಉಡುಪಿ ಕಡೆಯಿಂದ ಮದುವೆಯಾಗಿ ಬಂದಾಗ ನಾನು ಬರಿ ರುಬ್ಬುವವಳು, ಮುಟ್ಟಿಸುವವರು ನಮ್ಮವರು. ಹಳೆಯದೊಂದು ಓಮ್ನಿ ಕೊಂಡು ಅದಕ್ಕೆ ಎಲ್‌ಪಿಜಿ ಕಿಟ್ ಹಾಕಿಸಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಮಾರಿಬಿಡು ಎಂದವರೇ ಎಲ್ಲ. ನಾನು ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಕಲಿಸಿದವನು ನನ್ನ ಕೈಯಲ್ಲಿ ಗೇರ್ ಪಟ್ಟ ಪಾಡು ನೋಡಿ ಎರಡು ಸಲ ದೇವರ ಹೆಸರು ಹೇಳಿದ. ಆದರೂ ಕಲಿತೆ. ನಾನು ಹಟಮಾರಿ. ಆ ಹಟ ನನಗೆ ಅನ್ನ ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. ಅದೇ ಹಟ ಇನ್ನೊಬ್ಬರ ತಟ್ಟೆಗೆ ಏನು ಬಡಿಸಿತು ಎಂಬುದನ್ನು ಹೇಳಲು ಕೂತಿದ್ದೇನೆ.

ಎಲ್‌ಪಿಜಿ ಗಾಡಿ ಇಟ್ಟುಕೊಂಡವರ ಪಾಡು ಇಟ್ಟುಕೊಂಡವರಿಗೇ ಗೊತ್ತು. ಸಿಎನ್‌ಜಿ ಪಂಪುಗಳು ಎಲ್ಲೆಲ್ಲೂ ಬಂದವು. ನಮ್ಮವು ಒಂದೊಂದಾಗಿ ಕಾಣೆಯಾದವು. ನಿನ್ನೆ ತುಂಬಿಸಿಕೊಂಡ ಕಡೆ ಇವತ್ತು ಯಂತ್ರಕ್ಕೆ ಗೋಣಿ ಸುತ್ತಿರುತ್ತಿತ್ತು. ಕೇಳಿದರೆ ಮೊದಲು "ಟ್ಯಾಂಕರ್ ನಹೀ ಆಯಾ", ಆಮೇಲೆ "ಮಶೀನ್ ಖರಾಬ್", ಕೊನೆಗೆ ಕೇಳೋಣವೆಂದರೆ ಉತ್ತರ ಹೇಳುವವರೇ ಇಲ್ಲ. ಪೆಟ್ರೋಲಾದರೆ ಯಾರಾದರೂ ಬಾಟಲಿಯಲ್ಲಿ ತಂದುಕೊಟ್ಟಾರು. ಈ ಗ್ಯಾಸು ಹಾಗಲ್ಲ, ಗಾಡಿಯೇ ಪಂಪಿಗೆ ಹೋಗಬೇಕು, ಇಲ್ಲವೇ ಹಗ್ಗ ಕಟ್ಟಿ ಎಳೆಸಬೇಕು. ಗ್ಯಾಸಿನಿಂದ ಪೆಟ್ರೋಲಿಗೆ ಬದಲಿಸುವ ಸ್ವಿಚ್ಚೇನೋ ಇರುತ್ತದೆ. ಆದರೆ ವರ್ಷಗಟ್ಟಲೆ ಗ್ಯಾಸಿನಲ್ಲೇ ಓಡಿಸಿ ನಮ್ಮೆಲ್ಲರ ಗಾಡಿಗಳ ಪೆಟ್ರೋಲ್ ಬದಿ ಕೆಟ್ಟು ಕೂತಿತ್ತು. ಮುಂದಿನ ತಿಂಗಳು ಮಾಡಿಸೋಣ, ಹಬ್ಬ ಕಳೆಯಲಿ, ಮಳೆ ನಿಲ್ಲಲಿ — ನಮ್ಮಲ್ಲಿ ಒಬ್ಬರೂ ರಿಪೇರಿ ಮಾಡಿಸಲಿಲ್ಲ.

ನಾವು ಪರಿಚಯವಾದದ್ದು ಹೈವೇ ಪಕ್ಕದ ಆ ಪಂಪಿನಲ್ಲಿ, ಹಳದಿ ಗೆರೆಯ ಆಚೆ. ಗ್ಯಾಸ್ ತುಂಬುವಾಗ ಗಾಡಿಯಲ್ಲಿ ಯಾರೂ ಕೂತಿರುವಂತಿಲ್ಲ. ಎಲ್ಲರೂ ಇಳಿದು ಆ ಗೆರೆಯ ಆಚೆ ನಿಲ್ಲಬೇಕು. ಫೋನ್ ಮುಟ್ಟುವುದಿದ್ದರೂ ಅಲ್ಲೇ. ನಾನು ಯಾವುದೋ ಹೋಟೆಲಿನ ಮ್ಯಾನೇಜರ್ ಜೊತೆ ಫೋನಿನಲ್ಲಿ "ಹಿಟ್ಟು ಹುಳಿ ಬಂದದ್ದು ನಿಮ್ಮ ಫ್ರಿಜ್ಜಿನಿಂದ ಮಾರಾಯ್ರೆ, ನನ್ನಿಂದಲ್ಲ" ಎಂದು ಜಗಳವಾಡುತ್ತಿದ್ದೆ. ಫೋನ್ ಇಟ್ಟ ಕೂಡಲೇ ನೀವು ಕೇಳಿದಿರಿ: "ಯಾ ಊರ ಆತ್ರಿ ಅಕ್ಕಾರ ನಿಮ್ದು? ಬೈಗಳನೂ ಎಷ್ಟ್ ಚಂದ ಬೈತೀರಲ್ರಿ!" ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣ. ಕೇಳದೆಯೇ ಅರ್ಧ ನನ್ನ ಅಂಗೈಗೆ ಸುರಿದಿರಿ.

ನೀವು ವಿಜಯಪುರದ ಕಡೆಯವರು, ಕಾಂದಿವಲಿಯಲ್ಲಿ ಮನೆ, ಊರಿನಿಂದ ಪರೇಲ್‌ನ ಆಸ್ಪತ್ರೆಗಳಿಗೆ ಬರುವ ರೋಗಿಗಳನ್ನು ಮನೆಬಾಗಿಲಿನಿಂದ ಕರೆದೊಯ್ದು ಮತ್ತೆ ಮನೆಬಾಗಿಲಿಗೆ ಬಿಡುವುದು ನಿಮ್ಮ ಕೆಲಸ ಎಂದು ತಿಳಿಯುವಷ್ಟರಲ್ಲಿ ಇಬ್ಬರ ಗಾಡಿಯೂ ತುಂಬಿತ್ತು. ಗ್ರೂಪಿನ ಯೋಚನೆ ನಿಮ್ಮದು. ಗೆರೆಯ ಆಚೆ ಸಿಕ್ಕ ಕನ್ನಡದವರನ್ನೆಲ್ಲ ಸೇರಿಸಿದಿರಿ, ಇಪ್ಪತ್ತು ಮಂದಿಯಾದೆವು. ಹೆಸರು "ಗ್ಯಾಸ್ ಐತೇನ್ರಿ". ಕಟ್ಟಳೆ ಒಂದೇ: ಬೆಳಿಗ್ಗೆ ಯಾವ ಪಂಪನ್ನು ಯಾರು ಮೊದಲು ದಾಟುತ್ತಾರೋ ಅವರು ಗ್ಯಾಸ್ ಇದೆಯೋ ಇಲ್ಲವೋ ಬರೆಯಬೇಕು, ಉಳಿದವರು ಅದನ್ನು ನಂಬಬೇಕು. ಮತ್ತೆ ಫೋನ್ ಮಾಡಿ ಕೇಳುವಂತಿಲ್ಲ — ಗಾಡಿ ಓಡಿಸುವವರಿಗೆ ತೊಂದರೆ. ಆರು ಗಂಟೆಗೇ ಹೊರಡುವವಳು ನಾನೊಬ್ಬಳೇ ಆದ್ದರಿಂದ ಹೈವೇ ಪಂಪಿನ ಸುದ್ದಿ ದಿನವೂ ನನ್ನದೇ. ನೀವೆಲ್ಲ ಹಲ್ಲುಜ್ಜುವ ಮೊದಲು ನನ್ನ ಸಾಲು ನೋಡುತ್ತಿದ್ದಿರಿ. ನನಗದು ಎಷ್ಟು ಹೆಮ್ಮೆಯಾಗಿತ್ತೆಂದರೆ... ಜ್ವರ ಬಂದ ದಿನವೂ ಮೆಸೇಜ್ ತಪ್ಪಿಸಿದವಳಲ್ಲ.

ನವರಾತ್ರಿಯ ಮೂರನೆಯ ದಿನ ಅದು. ಹಿಂದಿನ ಎರಡು ದಿನ ಟ್ಯಾಂಕರ್ ಬಂದಿರಲಿಲ್ಲ. ಗ್ಯಾಸ್ ಎಷ್ಟಿದೆಯೆಂದು ತೋರಿಸುವ ನನ್ನ ಸ್ವಿಚ್ಚಿನ ನಾಲ್ಕು ಹಸಿರು ದೀಪಗಳಲ್ಲಿ ಒಂದೇ ಉಳಿದಿತ್ತು. ಮಾಟುಂಗಕ್ಕೆ ಹೋಗಿ ಬರಲು ಅದು ಸಾಕು. ಆದರೆ ಹಬ್ಬದ ಆರ್ಡರು, ಮಧ್ಯಾಹ್ನ ಇನ್ನೊಂದು ಸಲ ಹೋಗಬೇಕು. ಆರೂಕಾಲಕ್ಕೆ ಪಂಪಿನೊಳಗೆ ಗಾಡಿ ತಿರುಗಿಸಿದೆ. ಪಂಪಿನಲ್ಲಿ ಗ್ಯಾಸ್ ತುಂಬುವ ಶಿಂಧೆ, ನನ್ನನ್ನು ಮಾವ್ಶಿ ಅಂದರೆ ಚಿಕ್ಕಮ್ಮ ಎಂದೇ ಕರೆಯುವವನು, ಹಲ್ಲು ಕಿರಿದು ಹೇಳಿದ — ಟ್ಯಾಂಕರ್ ಬಂದಿದೆ ಮಾವ್ಶಿ, ಗ್ಯಾಸ್ ಇದೆ, ಏಳು ಗಂಟೆಗೆ ಮಶೀನ್ ಶುರುಮಾಡುತ್ತೇನೆ.

ಏಳರ ತನಕ ಕಾಯುವ ಹಾಗಿರಲಿಲ್ಲ. ಹಿಂದೆ ಹದಿನಾಲ್ಕು ಬಕೆಟ್ಟು ಹಿಟ್ಟು, ಅದು ಯಾರಿಗೂ ಕಾಯುವುದಿಲ್ಲ. ಮಾಟುಂಗ ಮುಗಿಸಿ ಹತ್ತೂವರೆಗೆ ಇಲ್ಲಿಗೆ ವಾಪಸು ಬರುತ್ತೇನೆ. ಗ್ಯಾಸ್ ಇದೆ ಎಂದು ಈಗ ಬರೆದರೆ ಎರಡು ದಿನದಿಂದ ಒಣಗಿ ಕೂತ ಉಳಿದ ಹತ್ತೊಂಬತ್ತೂ ಗಾಡಿ ಓಡಿ ಬರುತ್ತವೆ, ಅವರ ಹಿಂದೆ ಬೇರೆಯವರು, ರಿಕ್ಷಾಗಳು. ನಾನು ಬರುವಾಗ ಸಾಲು ಹೈವೇಗೆ ಮುಟ್ಟಿರುತ್ತದೆ, ಇಲ್ಲವೇ ಗ್ಯಾಸೇ ಮುಗಿದಿರುತ್ತದೆ. ದಿನವೂ ಮೊದಲು ಎದ್ದು ಸುದ್ದಿ ಕೊಡುವವಳು ನಾನು, ತುಂಬಿಸಿಕೊಳ್ಳುವವರು ಅವರು — ಇಷ್ಟು ದಿನ ಇಲ್ಲದ ಲೆಕ್ಕ ಆ ದಿನ ಎಲ್ಲಿಂದ ಬಂತೋ ತಲೆಗೆ. ನಾಲ್ಕು ಗಂಟೆಯ ಮಟ್ಟಿಗಲ್ಲವೇ, ಅಂದುಕೊಂಡೆ. ಯಾರಿಗೇನು ನಷ್ಟ, ಅಂದುಕೊಂಡೆ.

ಗಾಡಿಯಿಂದ ಇಳಿದು, ನಡೆದು, ಹಳದಿ ಗೆರೆ ದಾಟಿ ನಿಂತೆ. ನೋಡಿ, ಸುಳ್ಳು ಬರೆಯುವಾಗಲೂ ಪಂಪಿನ ನಿಯಮ ಮುರಿಯಲಿಲ್ಲ! ಬರೆದೆ: "ಹೈವೇ ಪಂಪ್ — ಗ್ಯಾಸ್ ಇಲ್ಲ."

ಹತ್ತೂವರೆಗೆ ಬಂದೆ. ನನ್ನ ಮುಂದೆ ನಾಲ್ಕೇ ಗಾಡಿ. ನಾಲ್ಕೂ ಹಸಿರು ದೀಪ ಹೊತ್ತಿಕೊಳ್ಳುವ ತನಕ ತುಂಬಿಸಿಕೊಂಡೆ. ಆಮೇಲೆ ದೊಡ್ಡ ಉಪಕಾರ ಮಾಡುವವಳ ಹಾಗೆ ಬರೆದೆ: "ಹೈವೇ ಪಂಪ್ — ಈಗ ಬಂತು, ಬೇಗ ಬನ್ನಿ." ಇಬ್ಬರು ಕೈಮುಗಿಯುವ ಚಿತ್ರ ಹಾಕಿದರು. ನಿಮ್ಮಿಂದ ಏನೂ ಬರಲಿಲ್ಲ. ಗಾಡಿ ಓಡಿಸುತ್ತಿರಬೇಕು ಅಂದುಕೊಂಡೆ.

ನೀವು ಗಾಡಿ ಓಡಿಸುತ್ತಿರಲಿಲ್ಲ.

ಮರುದಿನ ನಿಮ್ಮ ಗಾಡಿಯನ್ನು ಯಾರೋ ಹಗ್ಗ ಕಟ್ಟಿ ಪಂಪಿಗೆ ಎಳೆದು ತಂದಾಗ ನಾನು ಗೆರೆಯ ಆಚೆ ನಿಂತಿದ್ದೆ. ಏನಾಯಿತೆಂದು ಕೇಳಿದೆ. ನೀವೇ ಹೇಳಿದಿರಿ. ಶಾಂತವ್ವನವರಿಗೆ ಬಾಯಿಯಲ್ಲಿ ಗಡ್ಡೆ. ಊರಿನಿಂದ ಮೀರಾ ರೋಡ್‌ಗೆ, ಮಗನ ಮನೆಗೆ ಬಂದು ಇದ್ದರು. ಬಹಳ ಓಡಾಡಿದ ಮೇಲೆ ಆಪರೇಷನ್ನಿಗೆ ತಾರೀಕು ಸಿಕ್ಕಿತ್ತು. ಬೆಳಿಗ್ಗೆ ಒಂಬತ್ತರ ಒಳಗೆ ಪರೇಲ್‌ನಲ್ಲಿ ದಾಖಲಾಗಬೇಕು. ಕಾಗದಪತ್ರಕ್ಕೆಂದು ಮಲ್ಲಪ್ಪ ಮೊದಲೇ ಹೋಗಿ ಗೇಟಿನಲ್ಲಿ ಕಾಯುತ್ತಿದ್ದ. ಅಕ್ಕನನ್ನು ಕರೆತರುವ ಕೆಲಸ ತಮ್ಮನದು. ನಿಮ್ಮ ಗಾಡಿಯಲ್ಲಿ ಗ್ಯಾಸ್ ಮುಗಿಯುತ್ತಿರುವ ಕೆಂಪು ದೀಪ. ಎಂದಿನ ದಾರಿಯಲ್ಲಿ ಬಂದಿದ್ದರೆ ನಮ್ಮ ಪಂಪಿನಲ್ಲಿ ಹತ್ತು ನಿಮಿಷ ನಿಂತು, ತುಂಬಿಸಿಕೊಂಡು, ಎಂಟೂವರೆಗೆ ಪರೇಲ್ ಮುಟ್ಟುತ್ತಿದ್ದಿರಿ. ಆದರೆ ಇಲ್ಲ ಎಂದು ನಾನು ಬರೆದಿದ್ದೆ. ನೀವು ಘೋಡ್‌ಬಂದರ್ ಕಡೆಯ ಪಂಪಿಗೆಂದು ಗಾಡಿ ತಿರುಗಿಸಿದಿರಿ. ಘಾಟಿಯ ಏರಿನಲ್ಲಿ, ಟ್ರಕ್ಕುಗಳ ಜಾಮಿನ ನಡುವೆ, ಗ್ಯಾಸ್ ಮುಗಿಯಿತು. ಪೆಟ್ರೋಲ್ ಬದಿ ಸತ್ತಿತ್ತು. ಆ ಜಾಮಿನೊಳಗೆ ರಿಕ್ಷಾ ಬರುವ ಹಾಗಿಲ್ಲ, ಅಕ್ಕ ನಡೆಯುವ ಹಾಗಿಲ್ಲ. ಕೊನೆಗೆ ಹಾಲಿನ ಟೆಂಪೊ ಒಂದು ಹತ್ತಿಸಿಕೊಂಡಿತು. ಪರೇಲ್ ಮುಟ್ಟಿದಾಗ ಮಧ್ಯಾಹ್ನ. ಮತ್ತೊಂದು ತಾರೀಕು ಸಿಕ್ಕಿದ್ದು ಒಂದು ತಿಂಗಳ ಮೇಲೆ.

"ಗ್ಯಾಸ್ ಐತೋ ಇಲ್ಲೋ ನೋಡ್ಕೊಳ್ಳದ ನಮ್ಮವ್ವನ್ನ ಕುಂಡ್ರಿಸ್ಕೊಂಡ ಹೊಂಟೆಲ್ಲಾ ಮಾವಾ, ಇನ್ನ ನಮ್ಮ ಮನಿ ಕಡೆ ಬರಬ್ಯಾಡ" — ಗೇಟಿನಲ್ಲಿ ಎಲ್ಲರ ಎದುರು ಮಲ್ಲಪ್ಪ ಹಾಗೆಂದನಂತೆ. ಶಾಂತವ್ವ ಬಾಯಿಗೆ ಸೆರಗು ಹಿಡಿದು ಕೂತಿದ್ದರಂತೆ. ಇಷ್ಟು ಹೇಳಿ ನೀವು ಹೇಳಿದ ಮಾತು: "ಅಂವ ಅಂದದ್ದ ಖರೇ ಐತ್ರಿ ಅಕ್ಕಾರ. ಹಿಂದಿನ ದಿನಾನ ನಾ ಎಲ್ಲೆರೆ ಹೋಗಿ ತುಂಬಿಸ್ಕೋಬೇಕಿತ್ತು. ತಪ್ಪ ನಂದ."

ಅಷ್ಟರಲ್ಲಿ ಶಿಂಧೆ ಪೈಪು ಹಿಡಿದುಕೊಂಡೇ ಕೇಳಿಸಿಕೊಂಡಿದ್ದ. ಅವನಿಗೆ ಕನ್ನಡ ಬಾರದಿದ್ದರೂ ನಿನ್ನೆ ಗ್ಯಾಸ್ ಇರಲಿಲ್ಲ ಎಂದು ನೀವು ಅನ್ನುತ್ತಿರುವುದು ತಿಳಿಯಿತು. "ಕಲ್ ತೋ ಸುಬಹ್ ಸೇ ಗ್ಯಾಸ್ ಥಾ, ಭಾವು" ಎಂದ — ನಿನ್ನೆ ಬೆಳಿಗ್ಗೆಯಿಂದಲೇ ಗ್ಯಾಸ್ ಇತ್ತಲ್ಲ ಅಣ್ಣ, ಎಂದು.

ಭೀಮಣ್ಣ, ನಿಮಗೆ ನೆನಪಿದೆಯೋ ಇಲ್ಲವೋ. ನನಗೆ ಆ ನಿಮಿಷ ಇವತ್ತಿಗೂ ಮುಗಿದಿಲ್ಲ. ನೀವು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು. ಶಿಂಧೆಯ ಮೇಲೆ ರೇಗಿದಿರಿ: "ಅಕ್ಕಾ ಝೂಟ್ ನಹೀ ಬೋಲ್ತೀ. ತುಮ್ ಝೂಟೇ." ಆಮೇಲೆ ನನಗೆ ಕನ್ನಡದಲ್ಲಿ: "ಇವರ ಮಾತಿಗಿ ತಲಿ ಕೆಡಿಸ್ಕೋಬ್ಯಾಡ್ರಿ. ಅಕ್ಕಾರ ಬರದ್ರ ಅದು ಖರೇನ."

ಶಿಂಧೆ ನನ್ನನ್ನು ನೋಡಿದ. ಅವನಿಗೆ ಗೊತ್ತಿತ್ತು — ಆರೂಕಾಲಕ್ಕೆ ನನಗೆ ಹೇಳಿದವನು ಅವನೇ. ನಾನು ಬಾಯಿ ಬಿಡುತ್ತೇನೆಂದು ಕಾದ. ನಾನು ಆ ದಿನವೂ ನೀವು ನನ್ನ ಅಂಗೈಗೆ ಸುರಿದಿದ್ದ ಶೇಂಗಾದ ಸಿಪ್ಪೆ ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ. ಅವನು ತಲೆ ಕೊಡವಿ ಮುಂದಿನ ಗಾಡಿಗೆ ಹೋದ. ಮೊದಲ ಸುಳ್ಳು ಸ್ವಾರ್ಥದ್ದು. ಅದನ್ನು ಹೇಗಾದರೂ ಹೇಳಿಕೊಂಡೇನು. ಆದರೆ ಆ ಮೌನ — ನನ್ನ ಮಾತು ಉಳಿಸಲು ನೀವು ಒಬ್ಬ ನಿಜ ಹೇಳುವವನನ್ನು ಸುಳ್ಳ ಎಂದಿರಿ, ನಾನು ಅದಕ್ಕೂ ಅವಕಾಶ ಕೊಟ್ಟೆ. ಅಂದಿನಿಂದ ಶಿಂಧೆ ನನ್ನನ್ನು ಮಾವ್ಶಿ ಎನ್ನಲಿಲ್ಲ.

ತಿಂಗಳ ಮೇಲೆ ಆಪರೇಷನ್ ಆಯಿತು, ಶಾಂತವ್ವ ಬದುಕಿದರು. ಆ ಸುದ್ದಿ ಬೇರೆ ಯಾರದೋ ಬಾಯಿಂದ ನಿಮಗೆ ಬಂದಾಗ ನೀವು ಸಂತೋಷಕ್ಕೆ ಗ್ರೂಪಿನವರಿಗೆಲ್ಲ ಪೇಡೆ ಹಂಚಿದಿರಿ — ಕರೆಯದ ತಮ್ಮ! ನಾನೂ ತಿಂದೆ. ಆ ದಿನ ನಾನು ದೇವರಿಗೆ ಕೈಮುಗಿದದ್ದು ನಿಜ, ಅತ್ತದ್ದೂ ನಿಜ. ಆದರೆ ಅವರು ಬದುಕಿದ್ದು ವೈದ್ಯರ ಕೈಗುಣ, ಅವರ ಗಟ್ಟಿ ಜೀವ. ಅದರಿಂದ ನನ್ನ ತಪ್ಪು ಒಂದು ಗುಲಗಂಜಿಯಷ್ಟೂ ಹಗುರಾಗಲಿಲ್ಲ.

ಹೇಳಬೇಕೆಂದು ಎಷ್ಟು ಸಲ... ದೀಪಾವಳಿಗೆ ಹೇಳೋಣವೆಂದಿದ್ದೆ. ನೀವು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿರಿ. ಸಂಕ್ರಾಂತಿಗೆ ಹೇಳೋಣವೆಂದಿದ್ದೆ. ನೀವು ಎಳ್ಳು-ಬೆಲ್ಲ ಕೊಟ್ಟು "ಒಳ್ಳೆ ಮಾತಾಡೂಣು ಅಕ್ಕಾರ" ಎಂದಿರಿ. ನಿಮ್ಮ ಒಳ್ಳೆಯತನ ನನ್ನ ಬಾಯಿ ಕಟ್ಟಿತು ಎಂದು ಬರೆಯಲು ಹೊರಟಿದ್ದೆ, ಆ ಸಾಲನ್ನು ಈಗಷ್ಟೇ ಹೊಡೆದುಹಾಕಿದೆ. ಬಾಯಿ ಕಟ್ಟಿದ್ದು ನನ್ನ ಹೆದರಿಕೆ. ಇನ್ನು ಯಾರು ನನ್ನನ್ನು ಅಷ್ಟು ನಂಬುತ್ತಾರೆ ಎಂಬ ಹೆದರಿಕೆ.

ಆಮೇಲೆ ರೇಣುಕಾಳ ಮದುವೆ. ನನ್ನ ಅಕ್ಷರ ಚೆನ್ನಾಗಿದೆಯೆಂದು ಪತ್ರಿಕೆಗಳಿಗೆ ವಿಳಾಸ ಬರೆಯಲು ಕೂರಿಸಿದಿರಿ. ಮೀರಾ ರೋಡ್‌ನ ವಿಳಾಸವನ್ನೂ ನಾನೇ ಬರೆದೆ. ಅವರು ಬರಲಿಲ್ಲ. ಮದುವೆಗೆ ಎರಡು ದಿನ ಇದ್ದಾಗ ನೀವು ನಮ್ಮ ಶೆಡ್ಡಿಗೆ ಬಂದು, ಗ್ರೈಂಡರ್ ಸದ್ದು ನಿಲ್ಲುವ ತನಕ ಬಾಗಿಲಲ್ಲಿ ನಿಂತು, ಹೇಳಿದಿರಿ: "ಅಕ್ಕಾ ಬರಂಗಿಲ್ಲಂತ. ಸ್ವಾದರತ್ತಿ ಇಲ್ಲದ ಮದಿವಿ ಹೆಂಗ್ರಿ? ಆಕಿ ಜಾಗಾದಾಗ ನೀವ ನಿಂದರ್ರಿ."

ಯಾರಿಂದ ಆ ಜಾಗ ಖಾಲಿಯಾಯಿತೋ ಅವಳನ್ನೇ ಕರೆದು ಅಲ್ಲಿ ನಿಲ್ಲಿಸಿದಿರಿ. ಆಗಲಾರದು ಎನ್ನಬೇಕಿತ್ತು. ಆಗಲೇ ಎಲ್ಲ ಹೇಳಿಬಿಡಬೇಕಿತ್ತು. ಹೇಳಿದ್ದರೆ ಶಾಂತವ್ವ ಆ ಎರಡು ದಿನದಲ್ಲಿ ಬರುತ್ತಿದ್ದರೋ ಏನೋ... ನಾನು "ಆಯ್ತು ಭೀಮಣ್ಣ" ಎಂದೆ. ನಿಂತೆ. ಆರತಿ ಹಿಡಿದೆ. ರೇಣುಕಾ ನನ್ನ ಕಾಲು ಮುಟ್ಟಿದಳು. ಸೋದರತ್ತೆಯ ಮರ್ಯಾದೆಯೆಂದು ನೀವು ಕೊಟ್ಟ ಇಳಕಲ್ ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅದನ್ನು ಉಡಲಿಲ್ಲ. "ಯಾಕ್ರಿ, ಬಣ್ಣ ಸೇರ್ಲಿಲ್ಲೇನು?" ಎಂದು ನೀವು ಒಮ್ಮೆ ಕೇಳಿದಿರಿ. ಬಣ್ಣ ಬಹಳ ಚೆನ್ನಾಗಿತ್ತು.

ಈ ವರ್ಷ ನಮ್ಮ ಪಂಪಿನಲ್ಲೂ ಎಲ್‌ಪಿಜಿ ನಿಂತಿತು. ಮೊದಲು ಗೋಣಿ, ಆಮೇಲೆ ಒಂದು ದಿನ ಯಂತ್ರವನ್ನೇ ಕಿತ್ತರು. ನೆಲದಲ್ಲಿ ನಾಲ್ಕು ಬೋಲ್ಟು ಉಳಿದವು. ಹಳದಿ ಗೆರೆ ಇನ್ನೂ ಇದೆ. ನೀವು ಆಗಲೇ ಸಿಎನ್‌ಜಿ ಗಾಡಿ ತೆಗೆದುಕೊಂಡಿದ್ದಿರಿ. ನಾನು ಪೆಟ್ರೋಲ್ ಬದಿ ರಿಪೇರಿ ಮಾಡಿಸಲು ಹೋದರೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಗ್ಯಾಸಿನಲ್ಲೇ ಓಡಿ ಓಡಿ ಒಳಗೆಲ್ಲ ಸವೆದಿದೆ, ಈ ಮಾಡೆಲಿನ ಸಾಮಾನು ಸಿಗುವುದು ಕಷ್ಟ ಎಂದ. ನಮ್ಮವರ ಗಾಡಿ ಗ್ಯಾರೇಜಿನ ಮೂಲೆ ಸೇರಿತು. ಹಿಟ್ಟಿನ ಕೆಲಸ ಇಲ್ಲಿಗೆ ಮುಗಿಯಿತೆಂದು ನಾನು ಗ್ರೂಪಿನಲ್ಲಿ ಒಂದು ಸಾಲು ಬರೆದೆ. ಮರುದಿನ ಬೆಳಿಗ್ಗೆ ಐದೂವರೆಗೆ ಶೆಡ್ಡಿನ ಎದುರು ಹಾರ್ನ್. ಹೊರಗೆ ಬಂದರೆ ನೀವು ಹಿಂದಿನ ಸೀಟು ಮಡಚಿ, ಗೋಣಿತಟ್ಟು ಹಾಸಿ ನಿಂತಿದ್ದೀರಿ. "ಬಕೀಟ್ ಎಷ್ಟದಾವ್ರಿ?"

ಇವತ್ತಿಗೆ ಮೂರು ತಿಂಗಳಾಯಿತು. ಒಂದು ದಿನ ತಪ್ಪಿಸಿಲ್ಲ. ಕಾಂದಿವಲಿಯಿಂದ ಹಿಂದಕ್ಕೆ ದಹಿಸರ್‌ಗೆ ಬಂದು, ನನ್ನನ್ನೂ ನನ್ನ ಬಕೆಟ್ಟುಗಳನ್ನೂ ಮಾಟುಂಗದಲ್ಲಿ ಇಳಿಸಿ, ಆಮೇಲೆ ನಿಮ್ಮ ರೋಗಿಗಳ ಕಡೆ ಹೋಗುತ್ತೀರಿ. ಕೇಳಿದ್ದು ದೋಸೆಗೆ ಒಂದು ಡಬ್ಬಿ ಹಿಟ್ಟು, ಅದೂ ನಾನು ಗದರಿದ ಮೇಲೆ. ಮೇ ತಿಂಗಳ ಸೆಕೆಯಲ್ಲಿ ಒಂದು ಬಕೆಟ್ಟು ಉಬ್ಬಿ ಮುಚ್ಚಳ ಹಾರಿ ಹಿಟ್ಟು ಸೀಟಿನ ಸಂದಿಗೆಲ್ಲ ಇಳಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀವು ನಗುತ್ತ ಬಟ್ಟೆ ಹಿಂಡಿದಿರಿ. ನಾಲ್ಕು ದಿನ ನಿಮ್ಮ ಗಾಡಿ ಹುಳಿ ನಾತ ಹೊಡೆಯುತ್ತಿತ್ತು. ರೋಗಿಯೊಬ್ಬರು "ಎಷ್ಟ ದಿನಾ ಆತೋ ದ್ವಾಸಿ ತಿಂದು" ಎಂದರೆಂದು ಮರುದಿನ ನನ್ನಿಂದಲೇ ಅವರಿಗೆ ದೋಸೆ ಮಾಡಿಸಿಕೊಂಡು ಹೋದಿರಿ. ನನ್ನ ಒಲೆ ಉರಿಯುತ್ತಿರುವುದು, ನನ್ನ ಗ್ರೈಂಡರ್ ತಿರುಗುತ್ತಿರುವುದು, ನಾನು ಯಾರ ಮುಂದೆಯೂ ಕೈಚಾಚದೆ ನಿಂತಿರುವುದು ನಿಮ್ಮಿಂದ. ಕ್ಷಮೆ ಕೇಳಲು ಕೂತವಳು ಉಪಕಾರ ಎಣಿಸುತ್ತಿದ್ದಾಳೆ ಅನ್ನಬೇಡಿ. ಎಂಥವರಿಗೆ ಹಾಗೆ ಮಾಡಿದೆ ಎಂದು ಮಲ್ಲಪ್ಪನಿಗೆ ತಿಳಿಯಬೇಕು.

ಹೋದ ವಾರ ಮಾಹಿಮ್ ಸಿಗ್ನಲಿನಲ್ಲಿ ನೀವು ಹೇಳಿದಿರಿ, ಗ್ರೂಪಿನಲ್ಲಿ ನಾಲ್ಕೇ ಮಂದಿ ಉಳಿದಿದ್ದೇವೆ, ಪಂಪೂ ಇಲ್ಲ, ಅಳಿಸಿಬಿಡೋಣ ಎಂದು. ನನಗೆ ಮೊದಲು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ: ಹಾ, ಹೋಯಿತು, ಆ ಸಾಲೂ ಹೋಗುತ್ತದೆ, ಇನ್ನು ಯಾರಿಗೂ ಏನೂ ಕಾಣುವುದಿಲ್ಲ — ಎದೆ ಹಗುರಾಯಿತು. ಅಷ್ಟು ಹಗುರಾದದ್ದು ನೋಡಿ ನನಗೇ ಹೇಸಿಗೆಯಾಯಿತು. ಆಗ ನೀವು ಮುಂದೆ ಹೇಳಿದಿರಿ: "ಅಳಿಸೋ ಮುಂಚೆ ನಿಮ್ಮ ಮೆಸೇಜ್ ಎಲ್ಲಾ ಫೋಟೋ ತಗದ ಇಡ್ತೀನ್ರಿ. ಒಂದ ದಿನ ತಪ್ಪ ಸುದ್ದಿ ಕೊಟ್ಟಿಲ್ಲ ನೀವು." ನಾನು ಕಿಟಕಿಯ ಕಡೆ ತಿರುಗಿದೆ.

ದಹಿಸರ್‌ನಿಂದ ಮೀರಾ ರೋಡ್‌ಗೆ ಒಂದೇ ಸ್ಟೇಷನ್. ಲೋಕಲ್‌ನಲ್ಲಿ ಕೂರುವುದಕ್ಕೂ ಪುರಸೊತ್ತಿಲ್ಲ, ಅಷ್ಟರಲ್ಲಿ ಇಳಿಯಬೇಕು. ಆ ಒಂದು ಸ್ಟೇಷನ್ ದಾಟಲು ನನಗೆ ಮೂರು ವರ್ಷ ಬೇಕಾಯಿತು. ಇವತ್ತು ಮಧ್ಯಾಹ್ನ ಆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಮಲ್ಲಪ್ಪ ಕೆಲಸಕ್ಕೆ ಹೋಗಿದ್ದ. ಶಾಂತವ್ವ ಒಬ್ಬರೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಆಪರೇಷನ್ನಾದ ಕಡೆ ಕೆನ್ನೆ ಒಳಗೆಳೆದಿದೆ. ಮಾತು ನಿಧಾನ, ಆದರೆ ಸ್ಪಷ್ಟ. ಹೆಸರು ಹೇಳಿದೆ, ವಿಷಯ ಹೇಳಿದೆ. ಫೋನ್ ತೆಗೆದು ಆ ಸಾಲು ತೋರಿಸಿದೆ. ಓದಲು ಬಾರದು, ನೀನೇ ಓದು ಎಂದರು. ಓದಿದೆ. ಎಷ್ಟು ಗಂಟೆಗೆ ಬರೆದದ್ದು ಎಂದು ಕೇಳಿದರು. ಅದನ್ನೂ ಓದಿದೆ. ಆಮೇಲೆ ಹತ್ತೂವರೆಯ ಸಾಲನ್ನೂ ಓದಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಹೇಳಿದರು: "ಘಾಟಿನ್ಯಾಗ ಅಂವ ಅಳಾಕತ್ತಿದ್ದ. ನಾ ಮಾರಿ ಹೊಳ್ಳಿಸಿ ಕುಂತಿದ್ನಿ."

ಮತ್ತೆ ಕೇಳಿದರು: "ಅವಗ ಹೇಳೀಯೇನು?"

ಇಲ್ಲ ಎಂದೆ.

"ಮದ್ಲ ನನಗ್ಯಾಕ ಹೇಳಾಕ ಬಂದಿ? ಅವಗ ಹೇಳು ಹೋಗು."

ಯಾಕೆ ಎಂದರೆ — ನಿಮ್ಮ ಮುಖ ನೋಡಿ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ಅವರಿಗೆ ಗೊತ್ತಾಗಿತ್ತು. ಸೀರೆಯನ್ನು ಮುಂದಿಟ್ಟೆ, ಇದು ನಿಮ್ಮದು, ನಾನು ಉಟ್ಟಿಲ್ಲ ಎಂದೆ. ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿದರು, ಮಡಚಿ ಪಕ್ಕಕ್ಕಿಟ್ಟುಕೊಂಡರು. "ಅಂವ ಫೋನ್ ಮಾಡ್ಲಿ. ಅವತ್ತ ಉಟ್ಕೊಂಡ ಅವನ ಮನಿಗಿ ಹೊಕ್ಕೀನಿ. ಮಲ್ಲೂಗ ನಾ ಹೇಳ್ತೀನಿ" ಎಂದರು. ಬಾಗಿಲ ತನಕ ಬಂದು ಕಳಿಸಿದರು, ಭೀಮಣ್ಣ. ನನ್ನಂಥವಳನ್ನೂ ಬಾಗಿಲ ತನಕ ಬಂದು ಕಳಿಸಿದರು.

ಅಲ್ಲಿಂದ ಬಂದವಳೇ ಇದನ್ನು ಬರೆಯುತ್ತಿದ್ದೇನೆ. ಗ್ರೂಪ್ ಅಳಿಸಬೇಡಿ. ಆ ಎರಡು ಸಾಲುಗಳ ಕೆಳಗೆ ಹಾಕಲು ನಾನು ಇಂದೇ ಬರೆದಿಟ್ಟಿದ್ದೇನೆ, ಈ ಕಾಗದ ನಿಮ್ಮ ಕೈಸೇರಿದ ಕೂಡಲೇ ಕಳಿಸುತ್ತೇನೆ, ಉಳಿದ ಮೂವರೂ ಓದಲಿ: ಆ ದಿನ ಗ್ಯಾಸ್ ಇತ್ತು, ನಾನು ಸುಳ್ಳು ಹೇಳಿದೆ, ಶಿಂಧೆ ಹೇಳಿದ್ದು ನಿಜ. ಶಿಂಧೆ ಈಗ ಯಾವ ಪಂಪಿನಲ್ಲಿದ್ದಾನೋ ವಿಚಾರಿಸುತ್ತಿದ್ದೇನೆ. ಅವನಿಗೂ ಹೋಗಿ ಹೇಳಬೇಕು. ನಿಮಗೆ ಮಾತ್ರ ಫೋನಿನಲ್ಲಿ ತಿಳಿಯುವ ಮೊದಲು ನನ್ನ ಕೈಯಿಂದ ತಿಳಿಯಲಿ.

ನಾಳೆ ಐದೂವರೆಗೆ ನೀವು ಬಂದಾಗ, ಒಂದು ಬಕೆಟ್ಟೂ ಏರಿಸುವ ಮೊದಲು ಈ ಕಾಗದ ಕೊಡುತ್ತೇನೆ. ಗಾಡಿಯಲ್ಲೇ ಕೂತು ಓದಿ. ನಾನು ಪಕ್ಕದಲ್ಲಿರುವುದಿಲ್ಲ, ಪಂಪಿನಲ್ಲಿ ನಿಲ್ಲುತ್ತಿದ್ದೆವಲ್ಲ, ಅಷ್ಟು ದೂರ ನಿಂತಿರುತ್ತೇನೆ. ಓದಿ ಮುಗಿಸಿ ಹಿಟ್ಟು ಬಿಟ್ಟು ಹೊರಟುಹೋದರೂ ಸರಿಯೇ, ನಾನು ಕೂಗಿ ನಿಲ್ಲಿಸುವುದಿಲ್ಲ. ನನ್ನ ಜೊತೆ ಮಾತಾಡಬೇಕೆಂದೂ ಇಲ್ಲ. ಮೀರಾ ರೋಡ್‌ಗೆ ಫೋನ್ ಮಾಡಿ. ಶಾಂತವ್ವ ಕಾಯುತ್ತಿದ್ದಾರೆ.